ಜಜ್ಜಿದ ಸೌತೆಕಾಯಿ

ಇವತ್ತು ಸೌತೆಕಾಯಿ ಹೆಚ್ಚಲಿಲ್ಲ, ಜಜ್ಜಿದೆ. ಚೀನಾದ ಮನೆಗಳಲ್ಲಿ ಬೇಸಿಗೆಗೆ ಮಾಡೋ ‘ಪಾಯ್ ಹ್ವಾಂಗ್‌ಗ್ವಾ’ ಇದು. ಪಾಯ್ ಅಂದರೆ ಬಡಿಯೋದು, ಹ್ವಾಂಗ್‌ಗ್ವಾ ಅಂದರೆ ಸೌತೆಕಾಯಿ. ಅವರು ಅಗಲವಾದ ಚಾಕುವನ್ನು ಮಲಗಿಸಿ ಬಡಿಯುತ್ತಾರೆ, ನನ್ನ ಕೈಗೆ ಸಿಕ್ಕಿದ್ದು ಲಟ್ಟಣಿಗೆ. ಒಂದೇ ಏಟಿಗೆ ಸಿಪ್ಪೆ ಉದ್ದಕ್ಕೆ ಸೀಳಿ, ತಿರುಳು ಅಂಕುಡೊಂಕಾಗಿ ಬಾಯಿಬಿಟ್ಟಿತು. ಆ ಒರಟು ಅಂಚಲ್ಲೇ ಇದರ ರುಚಿಯೆಲ್ಲ. ನುಣ್ಣಗೆ ಹೆಚ್ಚಿದ ಹೋಳಿನ ಮೇಲಿಂದ ಜಾರಿಹೋಗೋ ರಸ, ಇಲ್ಲಿ ಸಂದುಸಂದಿಗೂ ಇಳಿಯುತ್ತೆ.

ಉಪ್ಪು ಬೆರೆಸಿ 15 ನಿಮಿಷ ಜರಡಿಯಲ್ಲಿಟ್ಟೆ. ಕೆಳಗಿನ ಬಟ್ಟಲಿಗೆ ತಿಳಿಹಸಿರು ನೀರು ತೊಟ್ಟಿಕ್ಕಿತು. ಅದನ್ನೇ ನೋಡ್ತಾ ಅಮ್ಮನ ನೆನಪಾಯ್ತು. ನೀರು ಬಿಟ್ಟುಬಿಡುತ್ತೆ ಅಂತ ಕೋಸಂಬರಿಗೆ ಉಪ್ಪನ್ನು ಬಡಿಸೋ ಹೊತ್ತಿಗೇ ಹಾಕೋರು. ಇಲ್ಲಿ ನೀರು ಬಿಡಲಿ ಅಂತಲೇ ಮೊದಲು ಉಪ್ಪು! ಅದೇ ಕಾಯಿ, ಅದೇ ಉಪ್ಪು, ಒಂದು ಅಡುಗೆಮನೆ ಬೇಡ ಅಂದದ್ದನ್ನು ಇನ್ನೊಂದು ಬೇಕು ಅಂತ ಕಾದು ಕೂತಿದೆ. ಅಮ್ಮ ಇದ್ದಿದ್ದರೆ ಫೋನ್ ಮಾಡಿ ಹೇಳ್ತಿದ್ದೆ.

ಆಮೇಲಿನದು ಬೇಗ ಮುಗೀತು. ಜಜ್ಜಿದ ಬೆಳ್ಳುಳ್ಳಿ ನಾಲ್ಕೆಸಳು, ಸೋಯಾ ಸಾಸ್, ಚಿಟಿಕೆ ಸಕ್ಕರೆ, ಖಾರದೆಣ್ಣೆ, ಅಂಟಕ್ಕಿಯಿಂದ ಮಾಡೋ ಝೆನ್‌ಜಿಯಾಂಗ್‌ನ ಕಪ್ಪು ವಿನೆಗರ್. ಕೊನೆಗೆ ಎಳ್ಳೆಣ್ಣೆ. ನಮ್ಮ ಒಳ್ಳೆಣ್ಣೆಯಲ್ಲ, ಹುರಿದ ಎಳ್ಳಿನದು. ಘಮ ಜೋರು, ಅರ್ಧ ಚಮಚ ಸಾಕು.

ಫ್ರಿಜ್‌ನಲ್ಲಿ ಹತ್ತು ನಿಮಿಷ ಇಟ್ಟು ತೆಗೆದರೆ ಗರಿಗರಿ, ತಣ್ಣಗೆ, ಹುಳಿ, ಖಾರ. ತಟ್ಟೆಯ ತಳದಲ್ಲಿ ಉಳಿದ ರಸವನ್ನು ಮಗಳು ಬಿಸಿ ಅನ್ನಕ್ಕೆ ಕಲಸಿಕೊಂಡು ತಿಂದಳು.