ತಂಬೂರಿ ಮನೆಗೆ ಬಂತು

ಬೆಳಗಾವಿ, 15 ಜೂನ್ 2025, ರವಿವಾರ

ಇಂದು ಮುಂಜಾನೆ, ಹಿಂದೆ ನನ್ನ ಸಂಗಾತಿಯಾಗಿದ್ದವನ ಶಹಾಪುರದ ಮನೆಗೆ ಹೋಗಿ ನನ್ನ ತಂಬೂರಿಯನ್ನು ತಂದೆ.

ಸಂಬಂಧ ಮುರಿದ ಮೇಲೆ ಇಂಥದನ್ನೆಲ್ಲ ಕೇಳುವುದು ಸಣ್ಣತನ, ಹೋಗಲಿ ಬಿಡು ಎಂದು ಗೆಳತಿಯರು ಹೇಳಿದ್ದರು. ಬಿಡುವುದಕ್ಕೆ ನನಗೆ ಕಾರಣ ಕಾಣಲಿಲ್ಲ. ಅವನು ನನಗೆ ಕೊಟ್ಟ, ನಾನು ಅವನಿಗೆ ಕೊಟ್ಟ ಉಡುಗೊರೆಗಳನ್ನು ಯಾರೂ ಯಾರಿಂದಲೂ ಕೇಳಿಲ್ಲ, ಕೇಳುವುದೂ ಇಲ್ಲ. ಆದರೆ ಈ ತಂಬೂರಿ ನಾನು ಸಂಬಳದಲ್ಲಿ ಉಳಿಸಿ ಮೀರಜಿನಲ್ಲಿ ಮಾಡಿಸಿದ್ದು. ಮಂಗಳವೇಢೆಯ ಕಡೆಯಿಂದ ಬಂದ ಸೋರೆ ಬುರುಡೆಗಳ ರಾಶಿಯಲ್ಲಿ ನನ್ನ ದನಿಗೆ ಒಪ್ಪುವಂಥದನ್ನು ಕುಶಲಕರ್ಮಿಯೇ ಆರಿಸಿಕೊಟ್ಟದ್ದು. ಹಳೆಯ ಸಂಗಾತಿಯ ತಂಗಿ ಸಂಗೀತದ ಮಧ್ಯಮಾ ಪರೀಕ್ಷೆ ಮುಗಿಸುವವರೆಗೆ ಇಟ್ಟುಕೊಳ್ಳಲಿ ಎಂದು ಅವರ ತಾಯಿಯ ಎದುರಿಗೇ ಹೇಳಿ ಕೊಟ್ಟಿದ್ದೆ.

ಚಳಿಗಾಲದಲ್ಲಿ ನಾವು ಬೇರೆಯಾದಾಗಲೇ ಕೇಳಬಹುದಿತ್ತು. ವಕೀಲಿಕೆ ಮಾಡುವ ಸೋದರಮಾವನ ಪ್ರಕಾರ, ಬಾಡಿಗೆಯಿಲ್ಲದೆ ಬಳಸಲು ಕೊಟ್ಟ ವಸ್ತುವನ್ನು, ಅವಧಿ ಹೇಳಿ ಕೊಟ್ಟಿದ್ದರೂ, ಯಾವಾಗ ಬೇಕಾದರೂ ಮರಳಿ ಕೇಳಲು 1872ರ ಕರಾರು ಕಾಯ್ದೆಯ 159ನೆಯ ಕಲಮು ಅವಕಾಶ ಕೊಡುತ್ತದೆ. ಆದರೆ ಅವಧಿಗೆ ಮುಂಚೆ ಕೇಳಿದ್ದರಿಂದ ಪಡೆದವರಿಗೆ ಆದ ಲಾಭಕ್ಕಿಂತ ನಷ್ಟವೇ ಹೆಚ್ಚಾದರೆ ಆ ಹೆಚ್ಚಿನಷ್ಟನ್ನು ತುಂಬಿಕೊಡಬೇಕಂತೆ. ಪರೀಕ್ಷೆಯ ಹೊಸ್ತಿಲಲ್ಲಿರುವ ಹುಡುಗಿಯ ಎದುರಿನಿಂದ ತಂಬೂರಿಯನ್ನು ಎತ್ತಿಕೊಂಡು ಬಂದರೆ ಆಗುವ ನಷ್ಟವನ್ನು ಎಷ್ಟು ರೂಪಾಯಿಯೆಂದು ಲೆಕ್ಕ ಹಾಕುವುದು? ಅದಕ್ಕೇ ಕಾದೆ. ಪರೀಕ್ಷೆ ಮುಗಿಯಿತು, ಮಳೆಯೂ ಹಿಡಿಯಿತು. ಈ ಊರಿನ ತೇವದಲ್ಲಿ ವಾದ್ಯವನ್ನು ಮತ್ತೊಬ್ಬರ ಮನೆಯಲ್ಲಿ ಬಿಡುವ ಧೈರ್ಯ ನನಗಿಲ್ಲ.

ಬಾಗಿಲು ತೆರೆದವನು ಅವನೇ. "ಎಲ್ಲೂ ಬಿರುಕಿಲ್ಲ, ನೋಡಿಕೋ" ಎಂದ, ಅಂಗಡಿಯವನು ಗಿರಾಕಿಗೆ ಹೇಳುವಂತೆ. ನೋಡಿಕೊಂಡೆ. ಬುರುಡೆಗೆ ನಿಜವಾಗಿಯೂ ಏನೂ ಆಗಿರಲಿಲ್ಲ. ಗವಸು ಕಾಣೆಯಾಗಿತ್ತು, ಶ್ರುತಿ ಸೂಕ್ಷ್ಮವಾಗಿ ಹೊಂದಿಸುವ ಮಣಿಗಳಲ್ಲಿ ಒಂದು ಇರಲಿಲ್ಲ, ಖರಜದ, ಅಂದರೆ ಕೆಳಗಿನ ಷಡ್ಜದ, ಹಿತ್ತಾಳೆ ತಂತಿ ಕಪ್ಪಿಟ್ಟಿತ್ತು. ಮೀಟಿದಾಗ ಜವಾರಿ, ಅಂದರೆ ತಂತಿಯ ಝೇಂಕಾರ, ಹೋಗಿರುವುದು ತಿಳಿಯಿತು: ನಾದ ತುಂಬಿಕೊಂಡು ನಿಲ್ಲದೆ ಕೂಡಲೇ ಆರಿಹೋಗುತ್ತಿತ್ತು. ಸಿಟ್ಟು ಬರುವಷ್ಟರಲ್ಲಿ ತಂತಿಗಳನ್ನು ಹೊತ್ತ ಕುದುರೆಯ ಮೇಲೆ ಕಣ್ಣು ಬಿತ್ತು. ನಾಲ್ಕೂ ತಂತಿಗಳ ಕೆಳಗೆ ಸಣ್ಣ ಗೆರೆಗಳು ಕೊರೆದಿದ್ದವು. ಮೂಲೆಗಿಟ್ಟ ತಂಬೂರಿಗೆ ಅಂಥ ಗೆರೆ ಬೀಳುವುದಿಲ್ಲ. ಗಂಟೆಗಟ್ಟಲೆ, ದಿನವೂ ಮೀಟಿದರೆ ಬೀಳುತ್ತದೆ. ಆ ಹುಡುಗಿ ರಿಯಾಜು ಮಾಡಿದ್ದಾಳೆ, ನಾನು ಮಾಡುತ್ತಿದ್ದುದಕ್ಕಿಂತ ಹೆಚ್ಚಾಗಿಯೇ. ಗವಸಿನ ಮಾತು ಎತ್ತಬೇಕೆಂದು ಬಂದವಳು ಎತ್ತಲಿಲ್ಲ.

ಅವರ ತಾಯಿ ಕೊಟ್ಟ ಚಹಾ ಕುಡಿದೆ. ಅವನು ಫೋನು ನೋಡುತ್ತ ಕುಳಿತಿದ್ದ. ನಮ್ಮಿಬ್ಬರ ನಡುವೆ ಆಡಬೇಕಾದ ಮಾತು ಯಾವುದೂ ಉಳಿದಿರಲಿಲ್ಲ, ಅದು ನನಗೆ ಹಗುರವೆನಿಸಿತು. ಅವನ ತಂಗಿ ಮಾತ್ರ ನಾನು ಹೇಳುವ ಮೊದಲೇ ಬಿರಡೆ ತಿರುವಿ ತಂತಿಗಳನ್ನು ಸಡಿಲಿಸಿ, ತನ್ನ ಕೌದಿಯಲ್ಲಿ ಬುರುಡೆಯನ್ನು ಸುತ್ತಿ, ಆಟೋದಲ್ಲಿ ತಿಲಕವಾಡಿಯ ನನ್ನ ಮನೆಯವರೆಗೂ ತೊಡೆಯ ಮೇಲೆ ಹಿಡಿದುಕೊಂಡು ಬಂದಳು. ಮುಂದೆ ಯಾವುದರ ಮೇಲೆ ಹಾಡುತ್ತೀ ಎಂದೆ. ಸದ್ಯ ಮೊಬೈಲಿನ ತಂಬೂರಿ ಇದೆ ಎಂದಳು.

ಬರುವ ರವಿವಾರ ಜವಾರಿ ಮಾಡಿಸಲು ಮೀರಜಿಗೆ ಹೋಗುವವಳಿದ್ದೇನೆ, ಅವಳೂ ರೈಲಿಗೆ ಬರುತ್ತೇನೆಂದಿದ್ದಾಳೆ. ಅವಳ ದನಿಗೆ ಯಾವ ಅಳತೆಯದು ಬೇಕೆಂದು ಅಲ್ಲಿಯೇ ಕೇಳೋಣ. ಹಣವನ್ನು ಅವಳ ಅಣ್ಣ ಕೊಡಬೇಕಾಗುತ್ತದೆ. ಅದನ್ನು ಅವಳೇ ಕೇಳಿಕೊಳ್ಳಲಿ.