ಅಕ್ಕನ ಸೊಂಟಕ್ಕೆ ಒಗ್ಗುವ ಹಾಸಿಗೆ: ಶಿರಸಿಯಿಂದ ಮಾಜಾಳಿವರೆಗೆ ಟೆಂಟಿನಲ್ಲಿ

ಅಕ್ಕನಿಗೆ ಸೊಂಟ ನೋವು ಹಳೆಯದು. ಮಗ್ಗುಲಾಗಿ ಮಲಗಿದರೆ ಮಾತ್ರ ನಿದ್ದೆ. ಡಿಸೆಂಬರ್‌ನಲ್ಲಿ ಟೆಂಟ್ ಹಾಕಿಕೊಂಡು ಶಿರಸಿಯಿಂದ ಕಾರವಾರದ ಕಡೆ ಹೋಗೋಣ ಅಂದಾಗ ಅವಳು ಜಾಗದ ಬಗ್ಗೆ, ಊಟದ ಬಗ್ಗೆ ಏನೂ ಕೇಳಲಿಲ್ಲ. "ನೆಲದ ಮೇಲೆ ನನಗೆ ನಿದ್ದೆ ಬರುತ್ತೇನೇ?" ಅಂದಳು. ಸರಿಯಾದ ಪ್ರಶ್ನೆ. ನಿದ್ದೆ ಕೆಟ್ಟರೆ ಮರುದಿನ ಯಾಣದ ಬಂಡೆಯೂ ಬೇಡ, ಸಮುದ್ರವೂ ಬೇಡ ಅನ್ನಿಸುತ್ತದೆ ಅಲ್ವಾ. ಹಾಗಾಗಿ ಕಾರಿನಲ್ಲಿ ಜಾಗ ಇದ್ದಷ್ಟೂ ಬೇರೆ ಬೇರೆ ಹಾಸಿಗೆ ತುಂಬಿದೆವು: ಮಡಚುವ ಫೋಮ್ ಮ್ಯಾಟ್, ಗಾಳಿ ತುಂಬುವ ದಪ್ಪ ಹಾಸಿಗೆ, ಒಳಗೆ ಫೋಮ್ ಇದ್ದು ಮುಚ್ಚಳ ತೆರೆದರೆ ತಾನೇ ಉಬ್ಬುವ 5 ಸೆಂಟಿಮೀಟರ್ ಮ್ಯಾಟ್, ಭಾವನ ಮಡಚುವ ಮಂಚ, ಮನೆಯ ಚಾಪೆ, ಎರಡು ಕಂಬಳಿ.

ಶಿರಸಿ ಹತ್ತಿರ ಒಬ್ಬರ ಅಡಿಕೆ ತೋಟದ ಮೇಲ್ಗಡೆ, ಬೆಟ್ಟದ ಅಂಚಿನಲ್ಲಿ ಮೊದಲ ಟೆಂಟ್. ಅಡಿಕೆ ಕೊಯ್ಲಿನ ಕಾಲ, ಅವರ ಮನೆ ಅಂಗಳದಲ್ಲಿ ರಾತ್ರಿ ತಡವಾಗುವವರೆಗೂ ಅಡಿಕೆ ಸುಲಿಯುತ್ತಿದ್ದರು. ನಮಗೂ ಬಿಸಿ ಕಷಾಯ ಬಂತು. ಯಜಮಾನರು ಟೆಂಟ್ ಒಳಗೆ ಇಣುಕಿ, "ಮೇಲೆ ಎಷ್ಟು ಹೊದ್ಕಂಡ್ರೂ ಅಷ್ಟೇಯ, ಅಡಿಗೆ ಒಂದು ಕಂಬಳಿ ಹಾಸ್ಕಳಿ" ಅಂದರು. ಟೆಂಟಿನಲ್ಲಿ ಮಲಗುವವರು ಮೊದಲು ತಿಳಿಯಬೇಕಾದದ್ದು ಇದೇ. ಸ್ಲೀಪಿಂಗ್ ಬ್ಯಾಗ್ ಎಷ್ಟೇ ದಪ್ಪಗಿರಲಿ, ಮೈಯ ಭಾರಕ್ಕೆ ಕೆಳಗಿನ ಭಾಗ ಚಪ್ಪಟೆಯಾಗುತ್ತದೆ. ಬೆಚ್ಚಗಿಡುವುದು ಅದರೊಳಗೆ ನಿಂತ ಗಾಳಿ, ಅದು ಹೊರಗೆ ಹೋದರೆ ತಂಪು ನೆಲ ಮೈಯ ಬಿಸಿಯನ್ನು ಎಳೆಯುತ್ತಲೇ ಇರುತ್ತದೆ. ಹೊದಿಕೆ ಜಾಸ್ತಿ ಮಾಡಿ ಏನೂ ಉಪಯೋಗವಿಲ್ಲ.

ಗಾಳಿ ಹಾಸಿಗೆ ನೋಡಲು ದಪ್ಪ, ಕೂತರೆ ಮೆತ್ತಗೆ. ಆದರೆ ಒಳಗೆ ಬರೀ ಗಾಳಿ ಇದ್ದು ಬೇರೆ ಪದರ ಏನೂ ಇಲ್ಲದಿದ್ದರೆ ಘಟ್ಟದ ಮೇಲಿನ ಚಳಿಗೆ ಅದು ಸಾಲದು. ಆ ಗಾಳಿ ಒಳಗೊಳಗೇ ತಿರುಗಾಡಿ ಮೈಯ ಬಿಸಿಯನ್ನು ಕೆಳಗೆ ಕೊಟ್ಟುಬಿಡುತ್ತದೆ. ಬರೀ ಎರಡು ಸೆಂಟಿಮೀಟರ್ ದಪ್ಪದ ಫೋಮ್ ಅದಕ್ಕಿಂತ ಬೆಚ್ಚಗೆ, ಯಾಕೆಂದರೆ ಅದರಲ್ಲಿ ಗಾಳಿ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಒಳ್ಳೆಯ ಮ್ಯಾಟ್‌ಗಳ ಮೇಲೆ ಆರ್-ವ್ಯಾಲ್ಯೂ ಅಂತ ಒಂದು ಅಂಕಿ ಬರೆದಿರುತ್ತಾರೆ. ಅಂಕಿ ಹೆಚ್ಚಿದ್ದಷ್ಟೂ ನೆಲದ ತಂಪು ಮೈಗೆ ತಾಗುವುದು ಕಡಿಮೆ. ಹಿಮಾಲಯಕ್ಕೆ ಹೋಗುವವರಿಗೆ 4, 5 ಬೇಕಾಗಬಹುದು. ನಮ್ಮ ಶಿರಸಿ, ಸಿದ್ದಾಪುರದ ಚಳಿಗೆ 2 ಇದ್ದರೆ ಸಾಕು. ಜಾಸ್ತಿ ಅಂಕಿಗೆ ಜಾಸ್ತಿ ದುಡ್ಡು ಕೊಡುವ ಅಗತ್ಯ ಇಲ್ಲ.

ಇನ್ನೊಂದು, ಸಂಜೆ ಗಟ್ಟಿಯಾಗಿ ತುಂಬಿದ ಗಾಳಿ ಹಾಸಿಗೆ ನಡುರಾತ್ರಿ ಮೆತ್ತಗಾಗಿತ್ತು. ಭಾವ ತೂತು ಹುಡುಕಲು ಬ್ಯಾಟರಿ ಹಿಡಿದು ಕೂತ. ತೂತು ಇರಲೇ ಇಲ್ಲ. ತಂಪಾದಾಗ ಗಾಳಿ ಕುಗ್ಗುತ್ತದೆ ಅಷ್ಟೇ. ಮಲಗುವ ಮೊದಲು ಇನ್ನೊಂದು ಸಲ ಸ್ವಲ್ಪ ತುಂಬಿದರೆ ಸರಿ. ಬಾಯಲ್ಲಿ ಊದುವುದಕ್ಕಿಂತ ಸಣ್ಣ ಪಂಪೋ, ಗಾಳಿ ಚೀಲವೋ ಒಳ್ಳೆಯದು, ಉಸಿರಿನ ತೇವ ಒಳಗೆ ಉಳಿದರೆ ಬೂಸ್ಟು ಬರುತ್ತದೆ.

ಮಂಚ ಅಲ್ಲಿ ನಡೆಯಲಿಲ್ಲ. ಮಂಚದ ಕೆಳಗೆ ತಣ್ಣನೆ ಗಾಳಿ ಆಡುತ್ತಲೇ ಇರುತ್ತದೆ, ಬೆನ್ನು ಕೊರೆಯುತ್ತದೆ. ಅದರ ಮೇಲೂ ಒಂದು ಫೋಮ್ ಹಾಸಲೇಬೇಕು. ಆದರೆ ಮಂಡಿ ನೋವಿರುವವರಿಗೆ ಕೂತು ಏಳಲು ಮಂಚದಷ್ಟು ಅನುಕೂಲ ಬೇರೆ ಇಲ್ಲ, ಇದನ್ನೂ ಹೇಳಬೇಕು.

ಅಕ್ಕ ಮಲಗಿದ್ದು ತಾನೇ ಉಬ್ಬುವ ಮ್ಯಾಟ್ ಮೇಲೆ, ಅಡಿಗೆ ಕಂಬಳಿ. ಬೆಚ್ಚಗಿತ್ತು. ಆದರೆ ಬೆಳಿಗ್ಗೆ, "ಸೊಂಟದ ಮೂಳೆ ಒತ್ತಿತು ಕಣೇ" ಅಂದಳು. ಅಂಗಾತ ಮಲಗುವವರ ಭಾರ ಬೆನ್ನಿಗೆಲ್ಲ ಹಂಚಿಹೋಗುತ್ತದೆ, ತೆಳು ಮ್ಯಾಟ್ ಸಾಕು. ಮಗ್ಗುಲಾಗಿ ಮಲಗುವವರ ಭಾರ ಭುಜ, ಸೊಂಟ ಎರಡೇ ಕಡೆ ಬೀಳುತ್ತದೆ. ಅವರಿಗೆ ಗಟ್ಟಿ ನೆಲದ ಮೇಲೆ 7, 8 ಸೆಂಟಿಮೀಟರ್ ಆದರೂ ಬೇಕು.

ದೇವಿಮನೆ ಘಟ್ಟ ಇಳಿಯುತ್ತಿದ್ದ ಹಾಗೇ ಸ್ವೆಟರ್ ಬಿಚ್ಚಿದೆವು. ಕುಮಟಾದಲ್ಲಿ ಊಟ, ಆಮೇಲೆ ಮಿರ್ಜಾನ್ ಕೋಟೆಯಲ್ಲಿ ಸ್ವಲ್ಪ ಹೊತ್ತು. ಚಿರೇಕಲ್ಲಿನ ಗೋಡೆ, ಮೇಲೆಲ್ಲ ಹಸಿರು, ಮಕ್ಕಳು ಓಡಾಡಲು ಒಳ್ಳೆಯ ಜಾಗ. ಸಂಜೆ ಗೋಕರ್ಣದ ದಕ್ಷಿಣಕ್ಕೆ, ಬೇಲೆಕಾನ್ ಕಡೆ ಒಂದು ಮನೆಯವರನ್ನು ಕೇಳಿ ಅವರ ಜಾಗದಲ್ಲಿ ಟೆಂಟ್ ಹಾಕಿದೆವು. ತೆಂಗಿನ ಮರದ ಬುಡದಲ್ಲಿ ಮಾತ್ರ ಬೇಡ, ಕಾಯಿ ಯಾವಾಗ ಬೀಳುತ್ತೋ ಗೊತ್ತಿಲ್ಲ ಅಂತ ಆ ಮನೆಯ ಅಮ್ಮ ಬಂದು ನಿಂತು ಜಾಗ ತೋರಿಸಿದರು. ಹೊಯ್ಗೆ ನೆಲ. ಟೆಂಟ್ ಬಿಡಿಸುವ ಮೊದಲು ಅಕ್ಕನ ಸೊಂಟ ಬರುವ ಕಡೆ ಕೈಯಲ್ಲೇ ಸ್ವಲ್ಪ ಗುಳಿ ಮಾಡಿದೆವು, ಭುಜದ ಕಡೆಯೂ. ಅದೇ 5 ಸೆಂಟಿಮೀಟರ್ ಮ್ಯಾಟ್ ಅವಳಿಗೆ ಆ ರಾತ್ರಿ ಪೂರ್ತಿ ಸಾಕಾಯಿತು! ಈ ಪ್ರವಾಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ಇದು. ಅಂಗಡಿಯವರು ದಪ್ಪ ಅಳೆದು ಕೊಡುತ್ತಾರೆ, ಆದರೆ ಅರ್ಧ ಹಾಸಿಗೆ ನೆಲವೇ.

ಕರಾವಳಿಯಲ್ಲಿ ಚಳಿ ಲೆಕ್ಕಕ್ಕಿಲ್ಲ. ಅಲ್ಲಿನ ತೊಂದರೆ ಬೆವರು, ತೇವ. ಮ್ಯಾಟ್‌ಗಳ ಮೇಲ್ಮೈ ನೈಲಾನ್, ಇಲ್ಲವೇ ಪ್ಲಾಸ್ಟಿಕ್ ತರದ್ದು. ಸೆಕೆಯಲ್ಲಿ ಅದು ಬೆನ್ನಿಗೆ ಅಂಟಿಕೊಂಡು, ಹೊರಳಿದಾಗಲೆಲ್ಲ ಸದ್ದು ಮಾಡಿ, ಪಕ್ಕದಲ್ಲಿದ್ದವರ ನಿದ್ದೆಯನ್ನೂ ಕೆಡಿಸುತ್ತದೆ. ಮೇಲೆ ಮನೆಯ ಚಾಪೆ, ಅದರ ಮೇಲೆ ಹಳೆಯ ಹತ್ತಿ ಸೀರೆ ಹಾಸಿದೆವು. ಚಾಪೆಯ ಎಳೆಗಳ ನಡುವೆ ಗಾಳಿ ಆಡುತ್ತದೆ, ಸೀರೆ ಬೆವರು ಹೀರುತ್ತದೆ. ಸುಮ್ನೆ ದುಬಾರಿ ಶೀಟ್ ತಗೊಳ್ಳಬೇಡಿ.

ಅಂಕೋಲಾ ದಾಟಿ ಕಾರವಾರ. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದು ಬಿದ್ದದ್ದು ನೆನಪಿರಬಹುದು, ನಾವು ಹೊಸ ಸೇತುವೆ ಮೇಲೆ ದಾಟಿ ಸದಾಶಿವಗಡದ ಆಚೆ ಮಾಜಾಳಿಗೆ ಹೋದೆವು. ಅಲ್ಲಿಂದ ಗುಡ್ಡ ಹತ್ತಿ ಇಳಿದರೆ ತಿಳಮಾತಿ, ಕಪ್ಪು ಮರಳಿನ ಪುಟ್ಟ ತೀರ. ನೋಡಲೇಬೇಕಾದ ಜಾಗ. ಮಲಗಿದ್ದು ಮಾಜಾಳಿಯಲ್ಲಿ, ಕೇಳಿಕೊಂಡ ಜಾಗದಲ್ಲಿ, ಗಾಳಿಮರಗಳ ಹತ್ತಿರ. ಭರತದ ನೀರು ಬಿಟ್ಟುಹೋದ ಕಸದ ಗೆರೆ ಎಲ್ಲಿದೆ ನೋಡಿ, ಅದಕ್ಕಿಂತ ತುಂಬಾ ಮೇಲೆ ಟೆಂಟ್ ಹಾಕಬೇಕು. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ನೀರು ಇನ್ನೂ ಮುಂದೆ ಬರುತ್ತದೆ.

ಗಾಳಿಮರದ ಎಲೆ ಬಿದ್ದ ನೆಲ ಮೆತ್ತಗೆ ಕಾಣುತ್ತದೆ, ಆದರೆ ಅದರಡಿಯಲ್ಲಿ ಸಣ್ಣ ಗಟ್ಟಿ ಕಾಯಿಗಳಿರುತ್ತವೆ. ಒಂದು ಅಡಿಗೆ ಸಿಕ್ಕರೂ ರಾತ್ರಿಯಿಡೀ ಪಕ್ಕೆಗೆ ಚುಚ್ಚುತ್ತದೆ. ಗಾಳಿ ಹಾಸಿಗೆ ಇದ್ದರಂತೂ ಕಾಯಿ, ಒಡೆದ ಚಿಪ್ಪು ಎಲ್ಲ ಆರಿಸಿ, ತಾಡಪತ್ರೆ ಹಾಸಿ, ಅದರ ಮೇಲೆ ಟೆಂಟ್ ಹಾಕಿ. ಮಧ್ಯಾಹ್ನದ ಬಿಸಿಲಲ್ಲಿ ತುಂಬಿದ ಹಾಸಿಗೆ ಬಿಡಬೇಡಿ. ಒಳಗಿನ ಗಾಳಿ ಹಿಗ್ಗಿ ಹೊಲಿಗೆ, ಅಂಟು ಬಿಟ್ಟುಕೊಳ್ಳುತ್ತದೆ. ತೂತಾದರೆ ಸೋಪು ನೀರು ಸವರಿ, ಗುಳ್ಳೆ ಎದ್ದ ಕಡೆ ಗುರುತು ಮಾಡಿ, ಒರೆಸಿ ಒಣಗಿಸಿ ತೇಪೆ ಹಚ್ಚಬೇಕು. ಫೋಮ್‌ಗೆ ಈ ಯಾವ ರಗಳೆಯೂ ಇಲ್ಲ. ಕಾಯಿ ಚುಚ್ಚಿದರೂ ಅದು ಹಾಸಿಗೆಯೇ.

ಅಕ್ಕ ಈಗ ತಾನೇ ಉಬ್ಬುವ ಜಾತಿಯದೇ, 8 ಸೆಂಟಿಮೀಟರ್ ದಪ್ಪದ್ದು ಹುಡುಕುತ್ತಿದ್ದಾಳೆ. ಸುತ್ತಿದರೆ ದೊಡ್ಡ ಕಟ್ಟು, ಹೊತ್ತು ನಡೆಯಲು ಆಗದು, ಕಾರಿನ ಪ್ರವಾಸಕ್ಕೆ ಸರಿ. ಬೆನ್ನಿಗೆ ಹೊತ್ತು ಗುಡ್ಡ ಹತ್ತುವವರಿಗೆ ನಾನು ಹೇಳುವುದು ಮಡಚುವ ಫೋಮ್. ಅಂಗಡಿಯಲ್ಲಿ ಕೈಯಲ್ಲಿ ಒತ್ತಿ ನೋಡಿದರೆ ಏನೂ ಗೊತ್ತಾಗುವುದಿಲ್ಲ, ನಾಚಿಕೆ ಬಿಟ್ಟು ಕೆಳಗೆ ಹಾಸಿ, ನೀವು ದಿನಾ ಮಲಗುವ ಮಗ್ಗುಲಲ್ಲೇ ಹತ್ತು ನಿಮಿಷ ಮಲಗಿ. ಸೊಂಟ ನೆಲಕ್ಕೆ ತಾಗಿದರೆ ಬೇಡ. ಮೇಲೆ ಹಾಸಲು ಸೀರೆ ಬದಲು ಕೌದಿ ಬೇಕು ಅಂತ ಅಕ್ಕ ಹೇಳಿದ್ದಾಳೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹಳೆ ಬಟ್ಟೆ ತುಂಡು ಸೇರಿಸಿ ಹೊಲಿಯುತ್ತಾರಲ್ಲ, ಅದು. ಮುಂದಿನ ಸಲ ಆ ದಾರಿಯಲ್ಲೇ ಹೋಗುವುದು ಅಂತ ಆಗಿದೆ.