ಐದು ಲ್ಯಾಂಡ್, ಒಂದು ಮೀನು

ಭಾನುವಾರ, 16 ನವೆಂಬರ್ 2025
ಹನುಮಂತನಗರ, ಬೆಂಗಳೂರು

ಬೆಳಿಗ್ಗೆ ಹಾಲು ತರಲು ಹೋದವನು ಹಾಗೇ ಬುಲ್ ಟೆಂಪಲ್ ರಸ್ತೆವರೆಗೂ ನಡೆದುಬಿಟ್ಟೆ. ನಾಳೆ ಕಡಲೆಕಾಯಿ ಪರಿಷೆ. ಫುಟ್‌ಪಾತ್ ಮೇಲೆ ಆಗಲೇ ರಾಶಿ ರಾಶಿ ಕಾಯಿ. ಎರಡು ಸೇರು ಹಸಿಕಾಯಿ ಕೊಂಡು ಬಂದೆ. ಉಪ್ಪು ಹಾಕಿ ಬೇಯಲು ಇಟ್ಟು, ಅಡುಗೆಮನೆ ಕಟ್ಟೆಗೆ ಒರಗಿಕೊಂಡು ಫೋನ್ ತೆಗೆದೆ. ಎರಡು ವರ್ಷದ ಯುಪಿಐ ಪಾವತಿಗಳನ್ನು ಒಂದೊಂದಾಗಿ ನೋಡುತ್ತಾ ಹಾಳೆಯ ಮೇಲೆ ಬರೆದೆ. ನಾನು ಆಡುವ ಕಾರ್ಡ್ ಆಟದ ಕಾರ್ಡುಗಳಿಗೆ ಹೋದದ್ದು ಮಾತ್ರ.

ಒಳಗೆ ಯಾವ ಕಾರ್ಡು ಇದೆ ಅಂತ ಗೊತ್ತಾಗದ ಸೀಲ್ ಮಾಡಿದ ಪ್ಯಾಕು, ಬಾಕ್ಸು: 71,400 ರೂಪಾಯಿ. ವಾರ ವಾರ ನಾನು ನಿಜವಾಗಿ ಆಡುವ ಡೆಕ್, ಅಂದರೆ ಕಾರ್ಡಿನ ಕಟ್ಟು: 2,600 ರೂಪಾಯಿ.

ಎರಡು ಸಲ ಕೂಡಿದೆ. ಅಷ್ಟೇ ಬಂತು.

ಹೀಗೆ ಲೆಕ್ಕಕ್ಕೆ ಕೂರಿಸಿದ್ದು ನಿನ್ನೆಯ ಒಂದು ಆಟ. ಶನಿವಾರ ಸಂಜೆ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ಇಂದಿರಾನಗರಕ್ಕೆ ಹೋಗುತ್ತೇನೆ. ಅಲ್ಲಿ ಒಂದು ಮಹಡಿಯಲ್ಲಿ ನಾವು ಎಂಟು ಹತ್ತು ಜನ ಸೇರಿ 'ಮ್ಯಾಜಿಕ್: ದ ಗ್ಯಾದರಿಂಗ್' ಆಡುತ್ತೇವೆ. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತದ ಮೇಷ್ಟ್ರು ಮಾಡಿದ ಆಟ ಇದು. 1993ರಲ್ಲಿ ಬಂತು. ಪೋಕೆಮಾನ್ ಕಾರ್ಡಿಗೂ ಮುಂಚೆ.

ಆಡದವರಿಗೆ ಇಷ್ಟು ಹೇಳಿದರೆ ಸಾಕು. ಒಬ್ಬೊಬ್ಬರೂ ತಮ್ಮ ತಮ್ಮ ಕಟ್ಟು ತಾವೇ ಮಾಡಿಕೊಂಡು ಬರಬೇಕು, ಕಡಿಮೆ ಅಂದರೆ 60 ಕಾರ್ಡು. ಒಂದೇ ಕಾರ್ಡು ನಾಲ್ಕಕ್ಕಿಂತ ಜಾಸ್ತಿ ಹಾಕುವ ಹಾಗಿಲ್ಲ. ಬೇಸಿಕ್ ಲ್ಯಾಂಡ್ ಎಂಬ ಕಾರ್ಡುಗಳನ್ನು ಮಾತ್ರ ಎಷ್ಟು ಬೇಕಾದರೂ ಹಾಕಬಹುದು. ಅವನ್ನು ಅಡ್ಡ ತಿರುಗಿಸಿದರೆ ಶಕ್ತಿ ಬರುತ್ತದೆ. ಆ ಶಕ್ತಿ ಖರ್ಚು ಮಾಡಿ ಬೇರೆ ಕಾರ್ಡು ಇಳಿಸಬೇಕು. ಇಬ್ಬರಿಗೂ ತಲಾ 20 ಜೀವ. ಮೊದಲು ಸೊನ್ನೆಗೆ ಬಂದವರು ಸೋತ ಹಾಗೆ.

ನಿನ್ನೆ ಆಡಿದ್ದು ಪಾಪರ್. ಅಂದರೆ ಕಾಮನ್, ಅಂದರೆ ಸುಲಭವಾಗಿ ಸಿಗುವ ದರ್ಜೆಯವು, ಎಂದು ಅಚ್ಚಾದ ಕಾರ್ಡುಗಳನ್ನು ಮಾತ್ರ ಬಳಸುವ ಆಟ. ನಮ್ಮ ಕಡೆ ಪಾಪರ್ ಅಂದರೆ ದಿವಾಳಿ ಅಲ್ವಾ. ಇಲ್ಲಿ ದಿವಾಳಿ ಆಗದೆ ಆಡುವ ದಾರಿಗೇ ಆ ಹೆಸರು. ನನ್ನ ಎದುರು ಕೂತಿದ್ದವನು ಇಂಜಿನಿಯರಿಂಗ್ ಮೂರನೇ ವರ್ಷದ ಹುಡುಗ. ಪೂರ್ತಿ ಕೆಂಪು ಡೆಕ್. ಕಾರ್ಡಿಗೆ ಹಾಕುವ ಸ್ಲೀವ್‌ಗಳ ಮೂಲೆಗಳು ಬೆಳ್ಳಗಾಗಿದ್ದವು. ಅಷ್ಟು ಆಡಿದ್ದಾನೆ.

ಒಂದೊಂದು ಗೆದ್ದು ಮೂರನೇ ಆಟದಲ್ಲಿದ್ದೆವು. ನನ್ನ ಬಳಿ ಉಳಿದಿದ್ದು 3 ಜೀವ, ಮುಂದೆ ಐದು ಐಲ್ಯಾಂಡ್ (ನೀಲಿ ಬಣ್ಣದ ಲ್ಯಾಂಡ್), ಕೈಯಲ್ಲಿ ಎರಡು ಕಾರ್ಡು. ಒಂದು ಕೌಂಟರ್‌ಸ್ಪೆಲ್. ಎರಡು ಲ್ಯಾಂಡ್ ತಿರುಗಿಸಿದರೆ ಎದುರಿನವನು ಹಾಕಿದ್ದನ್ನು ಅಲ್ಲೇ ತಡೆಯಬಹುದು. ಇನ್ನೊಂದು ಮಲ್‌ಡ್ರಿಫ್ಟರ್, ಗಾಳಿಯಲ್ಲಿ ಈಜುವ ಮೀನಿನಂಥ ಪ್ರಾಣಿ. ಐದು ಲ್ಯಾಂಡ್ ಕೊಟ್ಟರೆ ಎರಡು ಹೊಸ ಕಾರ್ಡು ಸಿಗುತ್ತವೆ, ಮೀನೂ ಮೇಜಿನ ಮೇಲೆ ಉಳಿಯುತ್ತದೆ. ಮೂರೇ ಕೊಟ್ಟರೂ ಎರಡು ಕಾರ್ಡು ಸಿಗುತ್ತವೆ, ಆದರೆ ಮೀನು ಹೋಗುತ್ತದೆ.

ಮೂರು ಕೊಟ್ಟು ಎರಡನ್ನು ಉಳಿಸಿಕೊಳ್ಳಬೇಕಿತ್ತು. ಅದು ನನಗೆ ಗೊತ್ತು. ಗೊತ್ತಿದ್ದೂ ಐದೂ ತಿರುಗಿಸಿದೆ. ಮೀನೂ ಬೇಕು ಅನ್ನಿಸಿಬಿಟ್ಟಿತು.

ಹುಡುಗ ಅಡ್ಡ ಬಿದ್ದ ನನ್ನ ಐದು ಲ್ಯಾಂಡ್‌ಗಳನ್ನು ಒಂದು ಸಲ ನೋಡಿದ. ಒಂದೇ ಒಂದು ಮೌಂಟನ್ (ಕೆಂಪು ಲ್ಯಾಂಡ್) ತಿರುಗಿಸಿ ಲೈಟ್ನಿಂಗ್ ಬೋಲ್ಟ್ ಇಟ್ಟ. ಮೂರು ಪೆಟ್ಟು. ಆಟ ಮುಗೀತು. 'ಎರಡು ಇಟ್ಕೊಂಡಿದ್ರೆ ನಾನು ಸೋಲ್ತಿದ್ದೆ ಸರ್' ಅಂದ. ಕೈ ಕುಲುಕಿದೆವು.

ಆ ಹದಿನೈದು ಸೆಕೆಂಡಿಗೋಸ್ಕರವೇ ನಾನು ಈ ಆಟ ಆಡುವುದು. ಐದು ಲ್ಯಾಂಡ್ ಮುಂದೆ ಕೂತು, ಯಾವುದನ್ನು ಕೊಡಲಿ ಯಾವುದನ್ನು ಉಳಿಸಲಿ ಅಂತ ತಲೆ ಕಾದ ಹೆಂಚಿನ ಹಾಗೆ ಆಗುತ್ತದಲ್ಲ, ಅದು ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ. ವಾಪಸ್ ಬರುವಾಗ ಮೆಟ್ರೋದಲ್ಲಿ ನಿಂತುಕೊಂಡು ಅದನ್ನೇ ನೆನೆಸಿಕೊಂಡೆ. ಆಗಲೇ ಇನ್ನೊಂದು ಹೊಳೆದದ್ದು. ಆ ಮೇಜಿನ ಮೇಲಿದ್ದ ಯಾವ ಕಾರ್ಡೂ ನಾನು ಪ್ಯಾಕ್ ಒಡೆದು ಪಡೆದದ್ದಲ್ಲ. ಎಲ್ಲವನ್ನೂ ಬಿಡಿಯಾಗಿ ಕೊಂಡಿದ್ದೆ. ಹಾಗಾದರೆ ಅಷ್ಟೊಂದು ಪ್ಯಾಕು ಯಾಕೆ ಕೊಂಡೆ?

ಪ್ಯಾಕ್ ಒಡೆಯುವುದರ ಸುಖ ಸುಳ್ಳು ಅಂತ ಹೇಳಲಾರೆ. ಹೆಬ್ಬೆರಳ ಉಗುರಲ್ಲಿ ಹೊದಿಕೆಯ ಬೆನ್ನು ಸೀಳಿದರೆ ಹೊಸ ಶಾಯಿಯ ವಾಸನೆ ಮೊದಲು ಬರುತ್ತದೆ, ಹೊಸ ಪಠ್ಯಪುಸ್ತಕದ ವಾಸನೆಗೆ ತುಂಬಾ ಹತ್ತಿರ. 14 ಕಾರ್ಡುಗಳಲ್ಲಿ ರೇರ್, ಅಂದರೆ ಅಪರೂಪದ ಕಾರ್ಡು, ಎಲ್ಲಿದೆ ಅಂತ ಗೊತ್ತಿರುತ್ತದೆ. ಆದರೂ ನೇರ ಅಲ್ಲಿಗೆ ಹೋಗುವುದಿಲ್ಲ. ಒಂದೊಂದೇ ಕಾಮನ್ ಸರಿಸುತ್ತಾ, ಮುಂದಿನ ಕಾರ್ಡಿನ ಅಂಚು ಮಾತ್ರ ಕಾಣುವಂತೆ ನಿಧಾನವಾಗಿ ಎಳೆಯುತ್ತೇನೆ. ಚಿಕ್ಕವನಿದ್ದಾಗ ಬಿಗ್ ಫನ್ ಬಬಲ್ ಗಮ್ ಕಾಗದ ಬಿಚ್ಚಿ, ಒಳಗಿನ ಕ್ರಿಕೆಟ್ ಚೀಟಿ ಯಾವುದು ಅಂತ ನೋಡುವಾಗಲೂ ಎದೆ ಹೀಗೇ ಹೊಡೆದುಕೊಳ್ಳುತ್ತಿತ್ತು.

ಆದರೆ ಲೆಕ್ಕ ಬೇರೆ ಮಾತು ಹೇಳುತ್ತದೆ. ಈಗಿನ ಸೆಟ್ಟುಗಳಲ್ಲಿ (ಒಟ್ಟಿಗೆ ಬಿಡುಗಡೆಯಾಗುವ ಕಾರ್ಡುಗಳ ಗುಂಪು) ಸಾಮಾನ್ಯವಾಗಿ 60ರ ಸುಮಾರು ರೇರ್ ಇರುತ್ತವೆ. ಪ್ಯಾಕಿಗೆ ಒಂದು ರೇರ್, ಇಲ್ಲವೇ ಅದಕ್ಕಿಂತ ಅಪರೂಪದ್ದು, ಖಾತ್ರಿ. ಕೆಲವೊಮ್ಮೆ ಎರಡು ಬರುತ್ತವೆ. ನನಗೆ ಬೇಕಾದ ಒಂದೇ ಒಂದು ಕಾರ್ಡು ಸಿಗಬೇಕಾದರೆ ಸರಾಸರಿ ಸುಮಾರು 60 ಪ್ಯಾಕ್. ನಾನು ಪ್ಯಾಕಿಗೆ 400 ಕೊಟ್ಟಿದ್ದೇನೆ. ಅಂದರೆ 24,000 ರೂಪಾಯಿ. ಅದೇ ಕಾರ್ಡು ಬಿಡಿಯಾಗಿ ಮುನ್ನೂರಕ್ಕೋ ಐನೂರಕ್ಕೋ ಸಿಗುತ್ತಿತ್ತು. ಸ್ಟ್ಯಾಂಡರ್ಡ್, ಅಂದರೆ ಈಚಿನ ಸೆಟ್ಟುಗಳ ಕಾರ್ಡು ಮಾತ್ರ ಬಳಸುವ ಆಟ, ಆಡುವವರಿಗೆ ಇನ್ನೊಂದು ಕಷ್ಟ. ಹಳೆಯ ಸೆಟ್ಟುಗಳು ಕಾಲ ಕಾಲಕ್ಕೆ ಆ ಆಟದಿಂದ ಹೊರಗೆ ಹೋಗುತ್ತವೆ. ಡೆಕ್ ಮತ್ತೆ ಕಟ್ಟಬೇಕು.

ಅಮ್ಮ ಇದನ್ನು ಯಾವಾಗಲೋ ಕೇಳಿದ್ದರು. ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಪಾರ್ಲಿಮೆಂಟಿನಲ್ಲಿ ಪಾಸಾಯಿತಲ್ಲ, ಆಗ ಪೇಪರ್ ಮಡಚಿಟ್ಟು 'ನಿಂದೂ ಇಸ್ಪೀಟೇ ಅಲ್ವೇನೋ' ಅಂದರು. ನನಗೆ ಸಿಟ್ಟು ಬಂದಿತ್ತು. ನಾವು ಪಣ ಕಟ್ಟಲ್ಲ, ಇದು ಬುದ್ಧಿಯ ಆಟ ಅಂತ ವಾದ ಮಾಡಿದ್ದೆ. ಅಮ್ಮನ ಅನುಮಾನ ಪೂರ್ತಿ ತಪ್ಪೂ ಅಲ್ಲ. 1993ರ ಮೊದಲ ನಿಯಮಗಳಲ್ಲಿ ಇಬ್ಬರೂ ತಮ್ಮ ಕಟ್ಟಿನಿಂದ ಒಂದೊಂದು ಕಾರ್ಡು ಪಣಕ್ಕಿಟ್ಟು ಆಡುವುದೂ ಇತ್ತು. ಗೆದ್ದವನಿಗೆ ಎರಡೂ. ಆಮೇಲೆ ಅದನ್ನು ಬಿಟ್ಟರು.

ತಿಪಟೂರಿನ ಮನೆ ಜಗುಲಿಯಲ್ಲಿ ತಾತ ಇಪ್ಪತ್ತೆಂಟು ಆಡುತ್ತಿದ್ದದ್ದು ನೆನಪಿದೆ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ನಾಲ್ಕು ಬಣ್ಣ ಸೇರಿ 28. ಅಮ್ಮನೂ ಚೆನ್ನಾಗಿ ಆಡುತ್ತಿದ್ದರು. ಒಂದೇ ಕಟ್ಟಿನಲ್ಲಿ ವರ್ಷಗಟ್ಟಲೆ ಆಡಿದರು. ಎಲ್ಲರಿಗೂ ಅದೇ ಕಟ್ಟು. ಇಸ್ಪೀಟಿನಲ್ಲಿ ದುಡ್ಡು ಹೋದರೆ ಆಡುವಾಗ ಹೋಗುತ್ತದೆ. ನನ್ನದು ಆಡಲು ಕೂರುವ ಮೊದಲೇ ಹೋಗಿತ್ತು. ಅದೂ ರಾತ್ರಿ ಹನ್ನೊಂದಕ್ಕೆ, ಆಫೀಸ್ ಕೆಲಸ ಮುಗಿಸಿ ಸುಸ್ತಾಗಿ, ಒಬ್ಬನೇ ರೂಮಿನಲ್ಲಿ ಕೂತು ಪ್ಯಾಕ್ ಒಡೆಯುವಾಗ. ಎದುರಿಗೆ ಯಾರೂ ಇರುತ್ತಿರಲಿಲ್ಲ.

ಹೆಂಡತಿಗೆ ಹಾಳೆ ತೋರಿಸಿದೆ. ಹೋದ ವರ್ಷ ಕೇಳಿದಾಗ 'ಹದಿನೈದು ಸಾವಿರ ಆಗಿರಬಹುದು' ಅಂದಿದ್ದೆ. ಆಗಲೇ ಜಾಸ್ತಿ ಆಗಿತ್ತು, ನನಗೆ ಗೊತ್ತಿತ್ತು. ಅವಳು ಕಡಲೆಕಾಯಿ ಸುಲಿಯುತ್ತಾ ಹಾಳೆಯನ್ನು ಮೇಲಿಂದ ಕೆಳಗೆ ಓದಿದಳು. 'ಗೀಸರ್ ಕೆಟ್ಟು ಮೂರು ತಿಂಗಳಾಯ್ತು' ಅಂದಳು. ಮುಂದಿನ ತಿಂಗಳು ನೋಡೋಣ ಅಂತ ಮೂರು ಸಲ ಹೇಳಿದವನು ನಾನೇ. ದಿನಾ ಬೆಳಿಗ್ಗೆ ಅಮ್ಮನಿಗೆ ಸ್ಟೌವ್ ಮೇಲೆ ನೀರು ಕಾಯಿಸಿ ಕೊಟ್ಟವಳು ಅವಳು. ತಪ್ಪಾಯ್ತು ಅಂದೆ. ಅವಳು ಹಾಳೆಯನ್ನು ಮಡಚಿ ಫ್ರಿಜ್ ಮೇಲೆ ಇಟ್ಟಳು. ಸ್ವಲ್ಪ ಹೊತ್ತು ಬಿಟ್ಟು 'ಆಟ ಬಿಡು ಅಂತ ನಾನು ಹೇಳಿಲ್ಲ' ಅಂದಳು.

ಆಟ ಬಿಡುವುದಿಲ್ಲ. ಪ್ಯಾಕ್ ಬಿಡುತ್ತೇನೆ. ಡ್ರಾಫ್ಟ್ ಮಾತ್ರ ಬೇರೆ. ಅಲ್ಲಿ ಎಲ್ಲರೂ ಮೂರು ಮೂರು ಪ್ಯಾಕ್ ತಂದು, ಒಡೆದು, ಒಂದು ಕಾರ್ಡು ಇಟ್ಟುಕೊಂಡು ಉಳಿದದ್ದನ್ನು ಪಕ್ಕದವರಿಗೆ ಕೊಡುತ್ತಾ ಹೋಗುತ್ತಾರೆ. ಸಿಕ್ಕಿದ್ದರಲ್ಲೇ 40 ಕಾರ್ಡಿನ ಡೆಕ್ ಕಟ್ಟಿ ಅಲ್ಲೇ ಆಡುವುದು. ಅಲ್ಲಿ ಪ್ಯಾಕ್ ಒಡೆಯುವುದೂ ಆಟವೇ. ಮೂರು ತಿಂಗಳಿಗೊಮ್ಮೆ ಹೋಗುತ್ತೇನೆ ಅಂತ ಅವಳಿಗೆ ಹೇಳಿದ್ದೇನೆ, ಎಷ್ಟಾಗುತ್ತದೆ ಅಂತಲೂ ಹೇಳಿದ್ದೇನೆ. ಗೀಸರ್‌ನವನು ನಾಳೆ ಹತ್ತಕ್ಕೆ ಬರುತ್ತಾನೆ.

ಮಧ್ಯಾಹ್ನ ಅಟ್ಟದಿಂದ ಮೂರು ಶೂ ಡಬ್ಬಿ ಇಳಿಸಿದೆ. ಪ್ಯಾಕ್‌ಗಳಿಂದ ಬಂದು ಹಾಗೇ ಬಿದ್ದಿದ್ದ ಕಾಮನ್‌ಗಳು, ಸಾವಿರಕ್ಕೂ ಮೇಲೆ. ಮಗಳು ನೆಲದ ಮೇಲೆ ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಅಂತ ಐದು ಸಾಲು ಮಾಡಿದಳು. ಸಂಜೆ ಹೊತ್ತಿಗೆ ಅವುಗಳಿಂದ ಎರಡು ಡೆಕ್ ಕಟ್ಟಿದೆ, ಒಂದು ಹಸಿರು, ಒಂದು ಬಿಳಿ. ಮನೆಯಲ್ಲಿ ಆಡಲು.

ಹಸಿರು ಡೆಕ್ ಅಮ್ಮನಿಗೆ ಕೊಟ್ಟೆ. ಬೇಡ ಬೇಡ ಅನ್ನುತ್ತಲೇ ಕನ್ನಡಕ ಹಾಕಿಕೊಂಡರು. ಏಳು ಕಾರ್ಡು ತೆಗೆದುಕೊಂಡು, ಇಪ್ಪತ್ತೆಂಟು ಆಡುವವರ ಹಾಗೆ ಬೀಸಣಿಗೆ ಮಾಡಿ ಎದೆಗೆ ಹತ್ತಿರ ಹಿಡಿದರು, ಪಕ್ಕದಲ್ಲಿ ಕೂತ ಮೊಮ್ಮಗಳಿಗೂ ಕಾಣದ ಹಾಗೆ. ಒಂದೊಂದನ್ನೂ ನೋಡಿ ಜಾಗ ಬದಲಾಯಿಸಿದರು. ಆಮೇಲೆ ನನ್ನ ಮುಖ ನೋಡಿದರು.

'ಸರಿ, ತುರುಪು ಯಾವುದು?'